ಲಾಭ ಇತ್ತು, ದುಡ್ಡಿರ್ಲಿಲ್ಲ: ಪ್ಯಾಂಡೆಮಿಕ್ ಟೈಮಲ್ಲಿ ಸಣ್ಣ ಉದ್ಯಮಗಳು ಮುಳುಗಿದ್ದು ಹೇಗೆ

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಗೆ ಬಂದು ಇವತ್ತು ರಾತ್ರಿ 12ರಿಂದ 21 ದಿನ ದೇಶ ಪೂರ್ತಿ ಬಂದ್ ಅಂದಾಗ ನನ್ನ ಟೇಬಲ್ ಮೇಲೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪ್‌ನ (ಲೋಹ ಕಡೆದು ಪಾರ್ಟ್ಸ್ ಮಾಡೋ ಸಣ್ಣ ವರ್ಕ್‌ಶಾಪ್) ಲೆಕ್ಕ ತೆರೆದಿತ್ತು. ಸಣ್ಣ ಸಣ್ಣ ಯೂನಿಟ್‌ಗಳ ಅಕೌಂಟ್ಸ್ ಬರೆಯೋದು, ಜಿಎಸ್‌ಟಿ ರಿಟರ್ನ್ ಹಾಕೋದು ನನ್ನ ಕೆಲ್ಸ, ಮಾರ್ಚ್ ಅಂದ್ರೆ ನಮಗೆ ಇಯರ್ ಎಂಡ್ ಗಡಿಬಿಡಿ. ಆ ಶಾಪ್‌ನಲ್ಲಿ ಓನರ್ ಒಬ್ರು, ಆರು ಜನ ಹುಡುಗ್ರು, ಕಂಪ್ಯೂಟರ್ ಕಂಟ್ರೋಲ್‌ನ ಎರಡು ಸಿಎನ್‌ಸಿ ಮಷೀನ್, ಮೂರು ಹಳೇ ಲೇತ್. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಪ್ರಕಾರ ಆ ವರ್ಷ ಲಾಭ ಚೆನ್ನಾಗೇ ಇತ್ತು. ಪಾರ್ಟಿಗಳಿಂದ ಬರ್ಬೇಕಾದ ಬಾಕಿ 11 ಲಕ್ಷ. ಬ್ಯಾಂಕಲ್ಲಿ ಇದ್ದಿದ್ದು 62 ಸಾವಿರ. ಒಂದನೇ ತಾರೀಕು ಶೆಡ್ ಬಾಡಿಗೆ, ಐದಕ್ಕೆ ಮಷೀನ್ ಇಎಂಐ, ಏಳಕ್ಕೆ ಸಂಬಳ.

ಆಮೇಲಿನ ಎರಡು ವರ್ಷ ನಾನು ನೋಡಿದ್ದೆಲ್ಲ ಈ ಒಂದು ಪುಟದ್ದೇ ಬೇರೆ ಬೇರೆ ರೂಪ. ಪ್ಯಾಂಡೆಮಿಕ್ ಬಂದ್ರೆ ವ್ಯಾಪಾರಕ್ಕೆ ನಷ್ಟ ಆಗುತ್ತೆ, ನಷ್ಟ ಆದವರು ಮುಚ್ಚಿಕೊಂಡು ಹೋಗ್ತಾರೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ನಾನು ಲೆಕ್ಕ ನೋಡ್ತಿದ್ದ ಯೂನಿಟ್‌ಗಳಲ್ಲಿ ಬಾಗಿಲು ಹಾಕಿದ ಐದೂ ಆ ಮಾರ್ಚ್‌ವರೆಗೆ ಲಾಭದಲ್ಲೇ ಇದ್ದವು, ಕೆಲ್ಸ ಗೊತ್ತಿತ್ತು, ಕಸ್ಟಮರ್ ಇದ್ರು, ಕೈಯಲ್ಲಿ ಕಾಸು ಮಾತ್ರ ಖಾಲಿಯಾಯ್ತು. ಉಳಿದುಕೊಂಡವರು ಹೆಚ್ಚು ಬುದ್ಧಿವಂತರು ಅಂತಾನೂ ಇಲ್ಲ. ಯಾರು ಎಷ್ಟು ದಿನ ಕಾಯಬಲ್ಲರು ಅನ್ನೋದರ ಮೇಲೆ ಯಾರು ಉಳೀತಾರೆ ಅನ್ನೋದು ನಿಂತಿತ್ತು. ಮುಂದಿನ ಸಲ ಇಂಥದ್ದು ಬಂದಾಗ ತಡ್ಕೊಳ್ಳೋ ಶಕ್ತಿ ಬೇಕು ಅಂತ ಮಾತಾಡೋವಾಗ ನಾವು ಇಲ್ಲಿಂದಾನೇ ಶುರು ಮಾಡ್ಬೇಕು ಅಂತ ನನಗೆ ಬಲವಾಗಿ ಅನ್ಸುತ್ತೆ.

ದೊಡ್ಡ ಲೆಕ್ಕ ಮೊದ್ಲು ಬೇಗ ನೋಡ್ಬಿಡೋಣ. ಮಾಮೂಲಿ ಹಿಂಜರಿತದಲ್ಲಿ ಜನ ಖರ್ಚು ಕಡಿಮೆ ಮಾಡ್ತಾರೆ, ನಿಧಾನಕ್ಕೆ ಆರ್ಡರ್ ಇಳಿಯುತ್ತೆ, ಆದ್ರೆ ಸಾಂಕ್ರಾಮಿಕದಲ್ಲಿ ಕೊಳ್ಳೋದು, ತಯಾರು ಮಾಡೋದು, ಸಾಗಿಸೋದು ಮೂರೂ ಒಂದೇ ರಾತ್ರಿಗೆ ನಿಲ್ಲುತ್ತೆ. 2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಸಿದಿದೆ ಅಂತ ಆಗ ಬಂದ ಸರ್ಕಾರಿ ಅಂದಾಜು ಹೇಳ್ತು. ಕಟ್ಟಡ ನಿರ್ಮಾಣ ಅರ್ಧಕ್ಕರ್ಧ ಬಿತ್ತು, ವ್ಯಾಪಾರ-ಹೋಟೆಲ್-ಸಾರಿಗೆ ಶೇ 47, ಮ್ಯಾನುಫ್ಯಾಕ್ಚರಿಂಗ್ ಶೇ 39. ಏಪ್ರಿಲ್ ಒಂದೇ ತಿಂಗಳಲ್ಲಿ 12 ಕೋಟಿಗೂ ಹೆಚ್ಚು ಜನರ ಕೆಲ್ಸ ಹೋಯ್ತು ಅಂತ ಸಿಎಂಐಇ ಸಂಸ್ಥೆ ಅಂದಾಜು ಮಾಡಿತ್ತು. ಕೃಷಿ ಮಾತ್ರ ಶೇ 3.4 ಮೇಲೆ ಹೋಗಿತ್ತು, ಅದನ್ನ ನೋಡಿ ಹಳ್ಳಿ ಉಳೀತು, ರೈತ ದೇಶ ಕಾಪಾಡಿದ ಅಂತ ಎಷ್ಟೋ ಜನ ಬರೆದ್ರು.

ಆ 3.4ನ್ನ ಚಿಕ್ಕಬಳ್ಳಾಪುರದ ಹೂವಿನ ರೈತರ ಮುಂದೆ ಇಟ್ಟು ನೋಡಿ. ಮಾರ್ಚ್, ಏಪ್ರಿಲ್, ಮೇ ಅಂದ್ರೆ ಜಾತ್ರೆ ಕಾಲ, ಮದುವೆ ಕಾಲ, ಹೂವಿಗೆ ವರ್ಷದ ದುಡಿಮೆ ಬರೋದೇ ಈ ಮೂರು ತಿಂಗಳಲ್ಲಿ. ಆ ವರ್ಷ ದೇವಸ್ಥಾನ ಮುಚ್ಚಿತ್ತು, ಛತ್ರ ಮುಚ್ಚಿತ್ತು, ಯುಗಾದಿ ಬಂದಿದ್ದೇ ಲಾಕ್‌ಡೌನ್‌ನ ಮೊದಲನೇ ದಿನ. ಗಿಡ ಮಾತ್ರ ಹೂ ಬಿಡೋದು ನಿಲ್ಲಿಸ್ಲಿಲ್ಲ. ಬೆಳೆ ಚೆನ್ನಾಗಿ ಬಂದಿತ್ತು, ಕಿತ್ತು ತಿಪ್ಪೆಗೆ ಹಾಕಿದ್ರು, ಕೆಲವ್ರು ತೋಟದ ಮೇಲೇ ಟ್ರ್ಯಾಕ್ಟರ್ ಹೊಡೆಸಿದ್ರು. ಆಮೇಲೆ ಮೇ 6ಕ್ಕೆ ಯಡಿಯೂರಪ್ಪನವರ ಸರ್ಕಾರ 1,610 ಕೋಟಿ ಪ್ಯಾಕೇಜ್ ಘೋಷಿಸಿದಾಗ ಅದರಲ್ಲಿ ಹೂವಿನ ರೈತರಿಗೆ ಹೆಕ್ಟೇರಿಗೆ 25 ಸಾವಿರ, ಅದೂ ಒಂದು ಹೆಕ್ಟೇರಿಗೆ ಮಾತ್ರ, ಅಂತ ಇತ್ತು.

ರಾಮನಗರದ ರೇಷ್ಮೆಗೂಡಿನ ಕಥೆ ನನಗೆ ಇನ್ನೂ ಸ್ಪಷ್ಟವಾಗಿ ಕಾಣ್ಸುತ್ತೆ, ಯಾಕಂದ್ರೆ ನಮ್ಮ ಅತ್ತೆ ಮನೆ ಕಡೆ ಇವತ್ತಿಗೂ ಹುಳು ಸಾಕ್ತಾರೆ. ಹಣ್ಣಾದ ಹುಳು ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಟ್ಟ ಮೇಲೆ ಗೂಡು ಕಟ್ಟುತ್ತೆ, ವಾರದೊಳಗೆ ಗೂಡು ಮಾರ್ಕೆಟ್ಟಿಗೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಚಿಟ್ಟೆ ಗೂಡು ತೂತು ಮಾಡ್ಕೊಂಡು ಆಚೆ ಬರುತ್ತೆ, ಎಳೆ ಕಡಿದು ಹೋಗುತ್ತೆ, ಆಮೇಲೆ ಅದು ನೂಲು ತೆಗೆಯೋಕೆ ಬರಲ್ಲ. ರೈತ ಕಾಯೋ ಹಾಗಿಲ್ಲ. ಗೂಡು ತಗೊಂಡ ರೀಲರ್ ಅದನ್ನ ಬೇಯಿಸಿ ನೂಲು ಮಾಡಿ ಸ್ವಲ್ಪ ದಿನ ಇಟ್ಕೋಬಹುದು, ಆದ್ರೆ ಅವನದ್ದೂ ಇವತ್ತಿನ ನೂಲು ಮಾರಿ ನಾಳೆ ಗೂಡು ಕೊಳ್ಳೋ ಬದುಕು. ನೂಲಿನ ವ್ಯಾಪಾರಿ ತಿಂಗಳುಗಟ್ಟಲೆ ಇಡಬಲ್ಲ. ಕಾಂಚೀಪುರದಲ್ಲೋ ಧರ್ಮಾವರದಲ್ಲೋ ಸೀರೆ ಅಂಗಡಿ ಇಟ್ಟಿರೋ ದೊಡ್ಡ ಧಣಿ ಮುಂದಿನ ಮದುವೆ ಸೀಸನ್‌ವರೆಗೂ ಕಾಯಬಲ್ಲ. ಅತ್ತ ಮದುವೆ ನಿಂತು ಸೀರೆ ನಿಂತಾಗ ಆ ಪೆಟ್ಟು ಇಡೀ ಸರಪಳಿಗೆ ಸಮನಾಗಿ ಹಂಚಿ ಹೋಗ್ಲಿಲ್ಲ, ಒಬ್ಬರಿಂದ ಒಬ್ಬರಿಗೆ ಜಾರ್ಕೊಂಡು ಬಂದು ಕೊನೆಗೆ ಯಾರಿಗೆ ಕಾಯೋಕೆ ಆಗಲ್ವೋ ಅವರ ತಲೆ ಮೇಲೆ ಬಿತ್ತು, ಗೂಡಿನ ರೇಟ್ ಪಾತಾಳಕ್ಕೆ ಹೋಯ್ತು. ಎಷ್ಟೋ ಜನ ಹಿಪ್ಪುನೇರಳೆ ತೋಟ ಕಿತ್ತುಹಾಕಿದ್ರು. ಮುಂದಿನ ಎರಡು ವರ್ಷದಲ್ಲಿ ರೇಟ್ ಯಾರೂ ಊಹಿಸದಷ್ಟು ಮೇಲಕ್ಕೆ ಹೋಯ್ತು, ತೋಟ ಕಿತ್ತವರಿಗೆ ಅದು ಸಿಗ್ಲಿಲ್ಲ. ಮಾರುಕಟ್ಟೆ ಚೇತರಿಸ್ಕೊಳ್ತು ಅನ್ನೋ ಸುದ್ದಿ ಓದುವಾಗೆಲ್ಲ ನನಗೆ ಆ ಕಿತ್ತ ತೋಟಗಳು ನೆನಪಾಗುತ್ತೆ. ಚೇತರಿಕೆ ಬಂದಿದ್ದು ನಿಜ, ಬಿದ್ದವರ ಹತ್ರಾನೇ ಬಂತಾ ಅಂತ ಜಿಡಿಪಿ ಅಂಕಿ ಹೇಳಲ್ಲ.

ಪೀಣ್ಯದಲ್ಲಿ ಚಿಟ್ಟೆ ಇಲ್ಲ, ಏಳನೇ ತಾರೀಕಿನ ಸಂಬಳ ಇದೆ. ಪೆಟ್ಟು ಜಾರ್ಕೊಂಡು ಬರೋದು ಇದೇ ರೀತಿ.

ಅಲ್ಲಿನ ಸಣ್ಣ ಶಾಪ್ ಮಾಡೋದು ಜಾಬ್ ವರ್ಕ್, ಅಂದ್ರೆ ಬೇರೆಯವರು ಕೊಟ್ಟ ಮಾಲಿಗೆ ಕೂಲಿ ಕೆಲ್ಸ, ಇಲ್ಲಾಂದ್ರೆ ದೊಡ್ಡ ಕಂಪನಿಗೆ ಮಾಲು ಕೊಡೋ ಮಧ್ಯಮ ಕಂಪನಿಗೆ ಪಾರ್ಟ್ಸ್ ಮಾಡಿ ಕೊಡೋದು. ಬಿಲ್ ಹಾಕಿದ ಮೇಲೆ ದುಡ್ಡು ಬರೋದು 60 ದಿನಕ್ಕೋ 90 ದಿನಕ್ಕೋ, ಕೆಲವು ಕಡೆ 120. ಇದರ ಮಧ್ಯೆ ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಜಿಎಸ್‌ಟಿ ಕಟ್ಬೇಕಾಗಿರೋದು ಬಿಲ್ ಹಾಕಿದ ಲೆಕ್ಕಕ್ಕೆ, ದುಡ್ಡು ಬಂದ ಲೆಕ್ಕಕ್ಕಲ್ಲ. ಈ ತಿಂಗಳು ಬಿಲ್ ಹಾಕಿದ್ರೆ ಮುಂದಿನ ತಿಂಗಳು 20ಕ್ಕೆ ಟ್ಯಾಕ್ಸ್ ಹೋಗ್ಬೇಕು, ಪಾರ್ಟಿ ಪೇಮೆಂಟ್ ಕೊಟ್ರೂ ಸರಿ ಕೊಡದಿದ್ರೂ ಸರಿ. ಅಂದ್ರೆ ಆರು ಜನರ ಲೇತ್ ಶಾಪ್ ತನ್ನ ಜೇಬಿಂದ ಮೆಟೀರಿಯಲ್, ಕೂಲಿ, ಕರೆಂಟು, ಅದರ ಮೇಲೆ ಟ್ಯಾಕ್ಸು ಎಲ್ಲಾ ಹಾಕಿ ಮೂರು ತಿಂಗಳು ದೊಡ್ಡ ಕಂಪನಿಗೆ ಬಡ್ಡಿ ಇಲ್ಲದ ಸಾಲ ಕೊಟ್ಟಂಗೆ. ಒಳ್ಳೇ ಕಾಲದಲ್ಲಿ ಹಳೇ ಬಿಲ್ ಪೇಮೆಂಟ್ ಬರ್ತಾ ಇರುತ್ತೆ, ಚಕ್ರ ತಿರುಗ್ತಾ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಚಕ್ರ ನಿಂತ ದಿನ ಮಾತ್ರ ಯಾರ ದುಡ್ಡಲ್ಲಿ ಯಾರು ವ್ಯಾಪಾರ ಮಾಡ್ತಿದ್ರು ಅಂತ ಗೊತ್ತಾಗೋದು.

2020ರ ಏಪ್ರಿಲಲ್ಲಿ ಅದೇ ಆಯ್ತು. ಮೇಲಿನ ಕಂಪನಿಗಳು ಮೊದ್ಲು ಮಾಡಿದ್ದು ತಮ್ಮ ಹತ್ರ ಇರೋ ಕ್ಯಾಶ್ ಬಿಗಿ ಹಿಡಿದಿದ್ದು, ಅವರ ಫೈನಾನ್ಸ್ ಡಿಪಾರ್ಟ್‌ಮೆಂಟ್ ಕಡೆಯಿಂದ ನೋಡಿದ್ರೆ ಅದು ಸರಿಯಾದ ನಿರ್ಧಾರಾನೇ, ನಾಳೆ ಏನಾಗುತ್ತೋ ಗೊತ್ತಿಲ್ಲ ದುಡ್ಡು ಕೈಬಿಡಬಾರದು ಅಂತ, ಆದ್ರೆ ಎಲ್ರೂ ಒಟ್ಟಿಗೆ ಹಾಗೇ ಮಾಡಿದಾಗ ಕೆಳಗಿನವನಿಗೆ ಉಸಿರಾಡೋಕೂ ಜಾಗ ಇರಲ್ಲ. ನಮ್ಮ ಆ ಲೇತ್ ಶಾಪ್ ಓನರ್ ಒಂದು ಕಂಪನಿಗೆ ಫೋನ್ ಮಾಡಿದ್ರೆ ಅಕೌಂಟ್ಸ್‌ನವರು ವರ್ಕ್ ಫ್ರಂ ಹೋಂ ಅಂತೆ, ಚೆಕ್‌ಗೆ ಸೈನ್ ಮಾಡೋರು ಬರ್ತಿಲ್ಲ ಅಂತೆ, ಜೂನ್ ಆಗ್ಲಿ ನೋಡೋಣ ಅಂತೆ. ಅವರು ಹೆಂಡತಿ ಬಳೆ ಇಟ್ಟು ಏಪ್ರಿಲ್ ಸಂಬಳ ಕೊಟ್ರು. ಮೇ ತಿಂಗಳಿಗೆ ಚೀಟಿ ಕೂಗಿದ್ರು.

ಗಾರ್ಮೆಂಟ್ಸ್‌ನಲ್ಲಿ ಈ ಸರಪಳಿ ಇನ್ನೂ ಉದ್ದ, ಒಂದು ತುದಿ ಯೂರೋಪು ಅಮೆರಿಕದ ಮಾಲ್‌ನಲ್ಲಿ, ಇನ್ನೊಂದು ತುದಿ ಮಂಡ್ಯ ಜಿಲ್ಲೆಯಲ್ಲಿ. ಅಲ್ಲಿ ಮಾಲ್ ಮುಚ್ಚಿದ ಕೂಡ್ಲೇ ಬ್ರ್ಯಾಂಡ್‌ಗಳು ಹೊಲಿದು ರೆಡಿಯಾಗಿದ್ದ ಬಟ್ಟೆಗೂ ಆರ್ಡರ್ ಕ್ಯಾನ್ಸಲ್ ಮಾಡಿದ್ವು, ಬಾಂಗ್ಲಾದೇಶದಲ್ಲಿ ಹೀಗೆ ರದ್ದಾದ ಮತ್ತು ತಡೆಹಿಡಿದ ಆರ್ಡರ್ 300 ಕೋಟಿ ಡಾಲರ್ ದಾಟಿತ್ತು. 2020ರ ಜೂನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ ಫ್ಯಾಕ್ಟರಿ ಆರ್ಡರ್ ಇಲ್ಲ ಅಂತ ಮಷೀನ್ ಸಾಗಿಸೋಕೆ ಶುರು ಮಾಡಿದಾಗ 1,200ಕ್ಕೂ ಹೆಚ್ಚು ಕೆಲಸಗಾರರು, ಅದರಲ್ಲಿ ಬಹುಪಾಲು ಹೆಣ್ಣುಮಕ್ಕಳು, ವಾರಗಟ್ಟಲೆ ಅಲ್ಲೇ ಧರಣಿ ಕೂತ್ರು. ಆ ಹೆಣ್ಣುಮಕ್ಕಳ ಮನೆಯಲ್ಲಿ ಸಂಘದ ಸಾಲದ ಕಂತು ವಾರಕ್ಕೊಂದು ಸಲ ಬಾಗಿಲಿಗೆ ಬರುತ್ತೆ. ಬ್ರ್ಯಾಂಡ್‌ಗೆ 90 ದಿನ ಟೈಮ್ ಇತ್ತು, ಇವರಿಗೆ ಏಳು ದಿನ.

ಸರ್ಕಾರ ಏನೂ ಮಾಡ್ಲಿಲ್ಲ ಅಂತ ಹೇಳಿದ್ರೆ ತಪ್ಪಾಗುತ್ತೆ. ಆರ್‌ಬಿಐ ಮಾರ್ಚ್ 27ಕ್ಕೇ ಕಂತು ಮುಂದೂಡೋ ಅವಕಾಶ ಕೊಡ್ತು, ಮೊದ್ಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೂ. ಮೇ ತಿಂಗಳಲ್ಲಿ 20 ಲಕ್ಷ ಕೋಟಿ ಪ್ಯಾಕೇಜ್ ಅಂತ ಬಂತಲ್ಲ, ಅದರಲ್ಲಿ ಸಣ್ಣ ಉದ್ಯಮಕ್ಕೆ ನಿಜಕ್ಕೂ ಮುಟ್ಟಿದ್ದು ಇಸಿಎಲ್‌ಜಿಎಸ್ ಅನ್ನೋ 3 ಲಕ್ಷ ಕೋಟಿಯ ಗ್ಯಾರಂಟಿ ಸಾಲ. ಅಡಮಾನ ಕೇಳೋ ಹಾಗಿಲ್ಲ, ಪೂರ್ತಿ ಗ್ಯಾರಂಟಿ ಸರ್ಕಾರದ್ದು, ಬ್ಯಾಂಕ್ ಬಡ್ಡಿ ಶೇ 9.25 ದಾಟಬಾರದು, ಒಂದು ವರ್ಷ ಅಸಲು ಕಟ್ಟೋದು ಬೇಡ. ನನ್ನ ಕೈಯ್ಯಾರೆ ಏಳೆಂಟು ಅರ್ಜಿ ಹಾಕಿಸಿದೀನಿ, ಅದರಿಂದ ಉಳಿದ ಯೂನಿಟ್‌ಗಳು ಇವತ್ತೂ ನಡೀತಿವೆ, ಅದಕ್ಕೆ ಆ ಸ್ಕೀಮ್ ಬಗ್ಗೆ ನನಗೆ ಗೌರವ ಇದೆ. ಆದ್ರೆ ಅದು ಸಿಗ್ತಿದ್ದಿದ್ದು 2020ರ ಫೆಬ್ರವರಿ 29ಕ್ಕೆ ಬ್ಯಾಂಕಲ್ಲೋ ಫೈನಾನ್ಸ್ ಕಂಪನಿಯಲ್ಲೋ ಸಾಲ ಇದ್ದವರಿಗೆ, ಆ ಸಾಲದ ಶೇ 20ರಷ್ಟು. 10 ಲಕ್ಷ ಸಾಲ ಇದ್ರೆ 2 ಲಕ್ಷ. ಸಾಲ ಮಾಡದೆ ಸ್ವಂತ ದುಡ್ಡಲ್ಲಿ, ಕೈಸಾಲದಲ್ಲಿ, ಚೀಟಿ ದುಡ್ಡಲ್ಲಿ ನಡೆಸ್ತಿದ್ದವರಿಗೆ ಸೊನ್ನೆ. ಬ್ಯಾಂಕ್ ಸಾಲಕ್ಕೆ ಹೆದರಿ ದೂರ ಇದ್ದ ಜನಾನೇ ನಮ್ಮಲ್ಲಿ ಜಾಸ್ತಿ. ಪಿಎಫ್ ವಿಷಯದಲ್ಲೂ ಇದೇ ಆಯ್ತು, ನೂರು ಜನರ ಒಳಗಿನ ಸಂಸ್ಥೆಗಳಲ್ಲಿ ಕಡಿಮೆ ಸಂಬಳದವರ ಪಿಎಫ್‌ನ ಎರಡೂ ಪಾಲು, ಒಟ್ಟು ಶೇ 24, ಕೆಲವು ತಿಂಗಳು ಕೇಂದ್ರವೇ ಕಟ್ತು, ಒಳ್ಳೇದು, ಆದ್ರೆ 20 ಜನರಿಗಿಂತ ಕಡಿಮೆ ಇದ್ರೆ ಪಿಎಫ್ ಕಡ್ಡಾಯಾನೇ ಇಲ್ಲ, ಹಾಗಾಗಿ ಆರು ಜನರ ಶಾಪ್ ಆ ಲಿಸ್ಟಿನಲ್ಲೇ ಇರ್ಲಿಲ್ಲ. ಯಾರ ಹೆಸರು ಯಾವುದೋ ಒಂದು ರಿಜಿಸ್ಟರಲ್ಲಿ ಇತ್ತೋ ಅವರಿಗೆ ನೆರವು ಹರಿದು ಬಂತು, ಹೆಸರಿಲ್ಲದವರನ್ನ ಹುಡುಕೋಕೆ ಆ ಅವಸರದಲ್ಲಿ ಯಾರಿಂದಲೂ ಆಗ್ಲಿಲ್ಲ. ಬೀದಿ ವ್ಯಾಪಾರಿಗಳಿಗೆ 10 ಸಾವಿರ ಸಾಲ ಕೊಡೋ ಸ್ವನಿಧಿ ಜೂನ್‌ನಲ್ಲಿ ಶುರುವಾದಾಗಲೂ ಮೊದಲ ತೊಡಕು ಬಂದಿದ್ದು ಗುರುತಿನ ಕಾರ್ಡಿಂದ.

ಇನ್ನೊಂದು ನೋವಿನ ವಿಷಯ, ನಾವು ಕೊಟ್ಟ ನೆರವಲ್ಲಿ ದೊಡ್ಡ ಪಾಲು ಸಾಲ. ದುಡಿಮೆ ನಿಂತವನಿಗೆ ಸಾಲ ಕೊಟ್ರೆ ಇವತ್ತಿನ ಸಮಸ್ಯೆ ಮುಂದಿನ ವರ್ಷಕ್ಕೆ ಹೋಗುತ್ತೆ, ಅದರ ಜೊತೆ ಬಡ್ಡಿ ಸೇರುತ್ತೆ. ಕಂತು ಮುಂದೂಡಿದ ಆರು ತಿಂಗಳೂ ಬಡ್ಡಿ ಓಡ್ತಾನೇ ಇತ್ತು, ಅದರ ಮೇಲಿನ ಚಕ್ರಬಡ್ಡಿ ವಿಷಯ ಸುಪ್ರೀಂ ಕೋರ್ಟ್ ಮುಂದೆ ಹೋದ ಮೇಲೆ 2 ಕೋಟಿವರೆಗಿನ ಸಾಲಗಾರರಿಗೆ ಸರ್ಕಾರ ಅದನ್ನ ವಾಪಸ್ ಕೊಡ್ತು. ಜರ್ಮನಿಯಲ್ಲಿ ಬೇರೆ ದಾರಿ ಇದೆ, ಅದಕ್ಕೆ ಕುರ್ಜಾರ್ಬೈಟ್ ಅಂತಾರೆ. ಕೆಲ್ಸ ಕಡಿಮೆಯಾದಾಗ ಕಂಪನಿ ಜನರನ್ನ ತೆಗೆಯೋದಿಲ್ಲ, ಕೆಲಸದ ಗಂಟೆ ಇಳಿಸುತ್ತೆ, ಕೈಬಿಟ್ಟ ಸಂಬಳದ ಶೇ 60, ಮಕ್ಕಳಿದ್ರೆ ಶೇ 67, ಉದ್ಯೋಗ ವಿಮೆ ನಿಧಿಯಿಂದ ಬರುತ್ತೆ. 2020ರ ಏಪ್ರಿಲಲ್ಲಿ ಸುಮಾರು 60 ಲಕ್ಷ ಜನ ಅದರ ಅಡಿಯಲ್ಲಿದ್ರು. ಅವರ ಹತ್ರ ದುಡ್ಡಿದೆ ಅಂತ ಸುಮ್ನೆ ಹೇಳ್ಬಿಡಬಹುದು. ಆದ್ರೆ ಆ ವ್ಯವಸ್ಥೆ ಕೊರೊನಾಗೆ ಅಂತ ಕಟ್ಟಿದ್ದಲ್ಲ, 2009ರ ಹಿಂಜರಿತದಲ್ಲೂ ಬಳಸಿದ್ರು, ಅದಕ್ಕೂ ಎಷ್ಟೋ ಮುಂಚಿನದು, ಬಟನ್ ಒತ್ತಿದ್ರೆ ಸಾಕು ಅನ್ನೋ ಹಾಗೆ ರೆಡಿ ಇತ್ತು. ನಮ್ಮಲ್ಲಿ ಮಾರ್ಚ್ 29ಕ್ಕೆ ಗೃಹ ಸಚಿವಾಲಯ ಎಲ್ಲಾ ಮಾಲೀಕರೂ ಪೂರ್ತಿ ಸಂಬಳ ಕೊಡ್ಬೇಕು ಅಂತ ಆದೇಶ ಹೊರಡಿಸ್ತು, ದುಡ್ಡು ಎಲ್ಲಿಂದ ಅಂತ ಹೇಳ್ಲಿಲ್ಲ, ಮೇ 18ಕ್ಕೆ ಆ ಆದೇಶಾನೇ ಇಲ್ಲವಾಯ್ತು.

ಜನರ ವಿಷಯದಲ್ಲಿ ನಮ್ಮ ರಾಜ್ಯ ಒಂದು ದೊಡ್ಡ ತಪ್ಪು ಮಾಡ್ತು, ಅದನ್ನ ಹೇಳ್ಲೇಬೇಕು. 2020ರ ಮೇ 5ಕ್ಕೆ, ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ ಮೇಲೆ, ವಲಸೆ ಕಾರ್ಮಿಕರನ್ನ ಊರಿಗೆ ಕರ್ಕೊಂಡು ಹೋಗೋ ಶ್ರಮಿಕ್ ರೈಲು ಬೇಡ ಅಂತ ಸರ್ಕಾರ ರೈಲ್ವೆಗೆ ಬರೀತು. ಕೆಲ್ಸ ಶುರುವಾಗುತ್ತೆ, ಜನ ಬೇಕು ಅಂತ. ದೇಶದ ತುಂಬ ಟೀಕೆ ಬಂದು ಎರಡು ಮೂರು ದಿನದಲ್ಲಿ ಆ ತೀರ್ಮಾನ ವಾಪಸ್ ತಗೊಂಡ್ರು. ಒಂದೂವರೆ ತಿಂಗಳು ಕೂಲಿ ಇಲ್ಲದೆ ಶೆಡ್‌ನಲ್ಲಿ ಕೂತಿದ್ದವನನ್ನ ತಡೆದು ನಿಲ್ಲಿಸಿದ್ರೆ ಅವನು ನಿಲ್ತಾನಾ? ನಡ್ಕೊಂಡಾದ್ರೂ ಹೋಗ್ತಾನೆ, ಹೋದ್ರು ಕೂಡ. ಸೆಪ್ಟೆಂಬರ್ ಹೊತ್ತಿಗೆ ಪೀಣ್ಯದಲ್ಲಿ ಆರ್ಡರ್ ವಾಪಸ್ ಬಂತು, ಆಪರೇಟರ್‌ಗಳು ಬರ್ಲಿಲ್ಲ. ಸಿಎನ್‌ಸಿ ಸೆಟ್ಟಿಂಗ್ ಗೊತ್ತಿರೋ ಹುಡುಗನ್ನ ತಯಾರು ಮಾಡೋಕೆ ಎರಡು ವರ್ಷ ಬೇಕು, ಅವನು ಒಡಿಶಾದ ಊರಲ್ಲಿ ಇನ್ನೇನೋ ಮಾಡ್ಕೊಂಡು ಇದ್ದ. ಲಾಕ್‌ಡೌನ್‌ನಲ್ಲಿ ಅರ್ಧ ಸಂಬಳ ಆದ್ರೂ ಕೊಟ್ಟು, ವಾರಕ್ಕೊಂದು ಸಲ ಫೋನ್ ಮಾಡಿ ಊಟ ಆಯ್ತೇನಪ್ಪಾ ಅಂತ ಕೇಳಿದ ಓನರ್‌ಗಳ ಹತ್ರ ಹುಡುಗ್ರು ವಾಪಸ್ ಬಂದ್ರು, ಇದನ್ನ ನಾನು ಒಂದಲ್ಲ ನಾಲ್ಕು ಕಡೆ ನೋಡಿದೀನಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯವರು 2021ರಲ್ಲಿ ತಂದ ವರದಿಯಲ್ಲಿ ಖಾಯಂ ಸಂಬಳದಲ್ಲಿ ಇದ್ದವರಲ್ಲಿ ಸುಮಾರು ಅರ್ಧ ಜನ ಅಸಂಘಟಿತ ಕೆಲಸಕ್ಕೆ ಜಾರಿದ್ರು ಅಂತ ಇದೆ. ಮಷೀನ್ ಮೇಲೆ ಬಟ್ಟೆ ಹೊದಿಸಿಟ್ರೆ ಆರು ತಿಂಗಳಾದ್ಮೇಲೂ ಆನ್ ಆಗುತ್ತೆ, ಕಲಿತ ಕೈ ಹಾಗಲ್ಲ.

ಇನ್ನು ತಯಾರಿ ವಿಷಯ. ಬಿಡದಿಯಲ್ಲಿ ಫ್ಯಾಕ್ಟರಿ ಇರೋ ಟೊಯೊಟಾ ಎಲ್ಲರಿಗೂ ಗೊತ್ತು, ಬೇಕಾದಾಗ ಬೇಕಾದಷ್ಟೇ ಮಾಲು ತರಿಸೋದು, ಸ್ಟಾಕ್ ಇಡೋದೇ ವೇಸ್ಟು ಅನ್ನೋ ಪದ್ಧತಿಯನ್ನ ಪ್ರಪಂಚಕ್ಕೆ ಕಲಿಸಿದ್ದೇ ಅವರು. 2011ರ ಜಪಾನ್ ಭೂಕಂಪ ಸುನಾಮಿಯಲ್ಲಿ ಅವರ ಸಪ್ಲೈ ಪೂರ್ತಿ ಅಲುಗಾಡಿ ಹೋಯ್ತು. ಆಮೇಲೆ ಅವರು ಕೂತು ಯಾವ ಪಾರ್ಟು ನಿಂತ್ರೆ ಎಷ್ಟು ದಿನಕ್ಕೆ ಮತ್ತೆ ಸಿಗುತ್ತೆ ಅಂತ ಲೆಕ್ಕ ಹಾಕಿದ್ರು, ಚಿಪ್ ಸಪ್ಲೈ ಮಾಡೋರಿಗೆ ಎರಡರಿಂದ ಆರು ತಿಂಗಳ ಸ್ಟಾಕ್ ಇಟ್ಕೊಳ್ಳಿ ಅಂದ್ರು. ಕೊರೊನಾದಲ್ಲಿ ಬೇರೆ ಕಾರ್ ಕಂಪನಿಗಳು ಗಾಬರಿಯಲ್ಲಿ ಚಿಪ್ ಆರ್ಡರ್ ರದ್ದು ಮಾಡಿದ್ವು, ಆ ಚಿಪ್ ಎಲ್ಲಾ ಲ್ಯಾಪ್‌ಟಾಪು ಮೊಬೈಲಿಗೆ ಹೋಯ್ತು, 2021ರ ಶುರುವಲ್ಲಿ ಕಾರಿಗೆ ಡಿಮ್ಯಾಂಡ್ ಬಂದಾಗ ಚಿಪ್ ಇಲ್ಲದೆ ಫ್ಯಾಕ್ಟರಿ ನಿಲ್ಲಿಸಿದ್ವು. ಟೊಯೊಟಾ ಮಾತ್ರ ತಿಂಗಳುಗಳ ಕಾಲ ನಡೀತಾನೇ ಇತ್ತು. ಆದ್ರೂ ಡೆಲ್ಟಾ ಅಲೆ ಆಗ್ನೇಯ ಏಷ್ಯಾದಲ್ಲಿ ಹರಡಿ ಅಲ್ಲಿನ ಪಾರ್ಟ್ಸ್ ಫ್ಯಾಕ್ಟರಿಗಳು ಮುಚ್ಚಿದಾಗ ಆ ಸೆಪ್ಟೆಂಬರ್‌ಗೆ ಅವರೂ ಉತ್ಪಾದನೆ ಶೇ 40 ಇಳಿಸ್ಬೇಕಾಯ್ತು. ಎಷ್ಟೇ ತಯಾರಿ ಇದ್ರೂ ಅದು ಕೊಡೋದು ಟೈಮ್ ಅಷ್ಟೇ, ಆ ಟೈಮಲ್ಲೇ ಉಳಿಯೋ ದಾರಿ ಹುಡುಕ್ಬೇಕು.

ಚಿಪ್ ಜಾಗದಲ್ಲಿ ಕ್ಯಾಶ್ ಇಟ್ಟು ಓದಿದ್ರೆ ಇದೇ ಪಾಠ ಆರು ಜನರ ಶಾಪ್‌ಗೂ ಹೊಂದುತ್ತೆ. ಅಮೆರಿಕದಲ್ಲಿ ಜೆಪಿ ಮಾರ್ಗನ್ ಚೇಸ್ ಇನ್‌ಸ್ಟಿಟ್ಯೂಟ್‌ನವರು 2016ರಲ್ಲೇ ಸಣ್ಣ ಉದ್ಯಮಗಳ ಬ್ಯಾಂಕ್ ಖಾತೆ ನೋಡಿ ಒಂದು ಲೆಕ್ಕ ತೆಗೆದಿದ್ರು, ಒಂದು ರೂಪಾಯಿನೂ ಒಳಗೆ ಬರದಿದ್ರೆ ನಡುಮಟ್ಟದ ಸಣ್ಣ ಉದ್ಯಮ 27 ದಿನ ತಡ್ಕೊಳ್ಳುತ್ತೆ, ಹೋಟೆಲ್ ಆದ್ರೆ 16 ದಿನ. ನಾನು ಇವಾಗ ನಮ್ಮ ಎಲ್ಲಾ ಕ್ಲೈಂಟ್‌ಗಳ ತಿಂಗಳ ಶೀಟ್‌ನಲ್ಲಿ ಲಾಭದ ಮೇಲೆ ಈ ದಿನಗಳ ಸಂಖ್ಯೆಯನ್ನ ದಪ್ಪಕ್ಕೆ ಬರೀತೀನಿ. ಬಾಡಿಗೆ, ಸಂಬಳ, ಇಎಂಐ, ಕರೆಂಟಿನ ಫಿಕ್ಸೆಡ್ ಚಾರ್ಜ್, ಮನೆ ಖರ್ಚಿಗೆ ತೆಗೆಯೋದು ಎಲ್ಲಾ ಸೇರಿ ತಿಂಗಳಿಗೆ 1 ಲಕ್ಷ 80 ಸಾವಿರ ಅಂದ್ರೆ ದಿನಕ್ಕೆ 6 ಸಾವಿರ, ಬ್ಯಾಂಕಲ್ಲಿ 62 ಸಾವಿರ ಇದ್ರೆ ಹತ್ತು ದಿನ. ಬರ್ಬೇಕಾದ 11 ಲಕ್ಷ ಈ ಲೆಕ್ಕಕ್ಕೆ ಬರಲ್ಲ. ಮೊದಲ ಸಲ ಈ ನಂಬರ್ ನೋಡಿದವರ ಮುಖ ಸಣ್ಣಗಾಗುತ್ತೆ. 90 ದಿನ ಮಾಡಿ ಅಂತ ಹೇಳೋದು ಸುಲಭ, ಶೇ 8-10 ಮಾರ್ಜಿನ್‌ನಲ್ಲಿ ಕೆಲ್ಸ ಮಾಡೋರಿಗೆ ಅದು ವರ್ಷಗಟ್ಟಲೆ ಹಿಡಿಯುತ್ತೆ. ಹಾಗಾಗಿ ಬಿಲ್‌ನ ದುಡ್ಡು ಬಂದಾಗೆಲ್ಲ ಶೇ 2 ಬೇರೆ ಖಾತೆಗೆ ಹಾಕಿ, ಆ ಖಾತೆಗೆ ಚೆಕ್‌ಬುಕ್ಕೇ ತಗೋಬೇಡಿ ಅಂತೀನಿ. ಒಬ್ಬನೇ ಕಸ್ಟಮರ್ ಹತ್ರ ಅರ್ಧಕ್ಕಿಂತ ಜಾಸ್ತಿ ಕೆಲ್ಸ ಇದ್ರೆ ರೇಟ್ ಸ್ವಲ್ಪ ಕಡಿಮೆ ಆದ್ರೂ ಬೇರೆ ಲೈನಿನ ಇನ್ನೊಬ್ಬನನ್ನ ಹುಡುಕಿ ಅಂತೀನಿ. ಬಿಇಎಲ್‌ಗೆ 30,000 ವೆಂಟಿಲೇಟರ್ ಆರ್ಡರ್ ಬಂದು ಮೈಸೂರಿನ ಮೆಡಿಕಲ್ ಉಪಕರಣ ಕಂಪನಿ ಸ್ಕ್ಯಾನ್‌ರೇ ಜೊತೆ ಸೇರಿ ಮಾಡಿದ ಆ ದಿನಗಳಲ್ಲಿ ಮೆಡಿಕಲ್ ಪಾರ್ಟ್ಸ್ ಕಡೆ ಒಂದು ಕಾಲು ಇಟ್ಟಿದ್ದ ಶಾಪ್‌ಗಳಿಗೆ ಕೆಲ್ಸ ಇತ್ತು, ಬರೀ ಆಟೋಮೊಬೈಲ್ ನಂಬಿದ್ದವರಿಗೆ ಇರ್ಲಿಲ್ಲ. ಸಣ್ಣದಾದ್ರೂ ಸರಿ ಬ್ಯಾಂಕಲ್ಲಿ ಒಂದು ಓಡಿ (ಓವರ್‌ಡ್ರಾಫ್ಟ್) ಲಿಮಿಟ್ ಮಾಡಿಸಿಡಿ, ಸಣ್ಣ ಉದ್ಯಮಗಳಿಗಿರೋ ಸರ್ಕಾರದ ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿ, ಹುಡುಗರ ಹೆಸರನ್ನ ಅಸಂಘಟಿತ ಕಾರ್ಮಿಕರ ಪಟ್ಟಿ ಇ-ಶ್ರಮ್‌ಗೆ ಹಾಕಿಸಿ, ಮುಂದಿನ ಸಲವೂ ನೆರವು ಬರೋದು ರಿಜಿಸ್ಟರಲ್ಲಿ ಇರೋ ಹೆಸರಿಗೇ.

ಇನ್ಶೂರೆನ್ಸ್ ಬಗ್ಗೆ ಕೇಳ್ತಾರೆ. ವಿಂಬಲ್ಡನ್ ಟೆನಿಸ್‌ನವರು 2003ರ ಸಾರ್ಸ್ ಆದಾಗಿಂದ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಕಟ್ತಾ ಬಂದು 2020ರಲ್ಲಿ ಟೂರ್ನಿ ರದ್ದಾದಾಗ ಸುಮಾರು 14 ಕೋಟಿ ಡಾಲರ್ ಪಡೆದ್ರು. ನಮ್ಮ ಶಾಪ್‌ಗಳ ಪಾಲಿಸಿ ಬೆಂಕಿ, ಪ್ರವಾಹದ್ದು. ವ್ಯಾಪಾರ ನಿಂತ ನಷ್ಟಕ್ಕೆ ಕೊಡೋ ಪಾಲಿಸಿ ಇದ್ರೂ ಮೊದ್ಲು ಕಟ್ಟಡಕ್ಕೋ ಮಷೀನಿಗೋ ಡ್ಯಾಮೇಜ್ ಆಗಿರ್ಬೇಕು. ವೈರಸ್ ಮಷೀನ್ ಮುಟ್ಟಲ್ಲ. ಇಡೀ ದೇಶಕ್ಕೆ ಒಟ್ಟಿಗೆ ಬರೋ ಪೆಟ್ಟನ್ನ ಖಾಸಗಿ ವಿಮಾ ಕಂಪನಿ ಒಂದೇ ಹೊರೋಕಾಗಲ್ಲ, ಅದಕ್ಕೆ ಸರ್ಕಾರದ ಬೆನ್ನು ಬೇಕು. ಇಂಥ ನಷ್ಟ ಒಟ್ಟಿಗೆ ಹೊರೋ ಪ್ಯಾಂಡೆಮಿಕ್ ರಿಸ್ಕ್ ಪೂಲ್ ಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಮಾಡಿದ ತಂಡ 2020ರಲ್ಲೇ ಹೇಳಿತ್ತು.

ಬೆಂಗಳೂರಿಗೆ ಇದು ಹೊಸದೇನಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆ ಖಾಲಿಯಾಗಿ ವ್ಯಾಪಾರ ನಿಂತುಹೋಗಿತ್ತು. ಆಮೇಲೆ ಊರು ಸುಮ್ನೆ ಕೂರ್ಲಿಲ್ಲ, ಗಾಳಿ ಬೆಳಕು ಇರೋ ಅಗಲ ರಸ್ತೆಯ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದಿದ್ದು ಆಗ, ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೀತು. ನೂರಿಪ್ಪತ್ತು ವರ್ಷ ಆದ್ಮೇಲೂ ಕೊರೊನಾ ರೋಗಿಗಳನ್ನ ಅದೇ ವಿಕ್ಟೋರಿಯಾ ನೋಡ್ಕೊಳ್ತು. ಆ ಪ್ಲೇಗ್‌ನಿಂದ ನಮಗೆ ಉಳಿದಿದ್ದು ಇಟ್ಟಿಗೆ ಗಾರೆಯಲ್ಲಿ ಕಟ್ಟಿದ ಉತ್ತರ. ಕೊರೊನಾದಿಂದ ಸಣ್ಣ ಉದ್ಯಮಕ್ಕೆ ಅಂಥದ್ದೇನು ಉಳೀತು ಅಂತ ನೋಡಿದ್ರೆ ಕಾಣ್ಸೋದು ಮುಖ್ಯವಾಗಿ ಪೇಮೆಂಟ್ ಸುತ್ತ ಇರೋ ಎರಡು ಮೂರು ನಿಯಮ.

ಕಾನೂನು ಮೊದಲಿಂದಾನೂ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ತಗೊಂಡ್ರೆ ಒಪ್ಪಂದ ಏನೇ ಇರ್ಲಿ 45 ದಿನದೊಳಗೆ ದುಡ್ಡು ಕೊಡ್ಬೇಕು, ತಡ ಆದ್ರೆ ಆರ್‌ಬಿಐ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. 2017ರಿಂದ ಸಮಾಧಾನ್ ಅಂತ ಪೋರ್ಟಲ್ ಇದೆ ದೂರು ಹಾಕೋಕೆ. ಇನ್‌ಕಮ್ ಟ್ಯಾಕ್ಸ್ ಕಾಯ್ದೆಗೆ 43ಬಿ(ಎಚ್) ಸೇರಿ, ಆ ಗಡುವಿನೊಳಗೆ ಕೊಡದೆ ಬಾಕಿ ಉಳಿಸ್ಕೊಂಡ ದುಡ್ಡನ್ನ ಆ ವರ್ಷ ಖರ್ಚು ಅಂತ ತೋರಿಸೋ ಹಾಗಿಲ್ಲ ಅಂತ 2023-24ರ ಲೆಕ್ಕದಿಂದ ಅನ್ವಯ ಆಯ್ತು. ಇದು ಹಲ್ಲಿರೋ ನಿಯಮ, 2024ರ ಮಾರ್ಚಲ್ಲಿ ಎಷ್ಟೋ ಹಳೇ ಬಾಕಿ ಒಂದೇ ವಾರದಲ್ಲಿ ಬಂದಿದ್ದನ್ನ ನಾನೇ ಎಂಟ್ರಿ ಹಾಕಿದೀನಿ. ಅದರ ಜೊತೆಗೇ, ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಆರ್ಡರ್ ಬೇರೆಯವರಿಗೆ ಕೊಡ್ತೀವಿ ಅಂತ ಬಾಯಿ ಮಾತಲ್ಲಿ ಹೇಳಿಸ್ಕೊಂಡವರೂ ಇದಾರೆ. ಬಿಲ್‌ಗಳನ್ನ ಹರಾಜಿಗಿಟ್ಟು ಬ್ಯಾಂಕಿಂದ ಬೇಗ ದುಡ್ಡು ತಗೊಳ್ಳೋ ಟಿಆರ್‌ಇಡಿಎಸ್ ಒಳ್ಳೇ ವ್ಯವಸ್ಥೆ, 250 ಕೋಟಿಗಿಂತ ಹೆಚ್ಚು ವಹಿವಾಟಿರೋ ಕಂಪನಿಗಳು ಅದಕ್ಕೆ ಸೇರ್ಲೇಬೇಕು ಅಂತ 2024ರಲ್ಲಿ ನಿಯಮ ಬಿಗಿ ಮಾಡಿದಾರೆ. ಆದ್ರೆ ಅಲ್ಲಿ ಬಿಲ್ ಓಡ್ಬೇಕಾದ್ರೆ ಕೊಂಡ ಕಂಪನಿ ಹೌದು ಇದು ನಮ್ಮ ಬಾಕಿ ಅಂತ ಒಪ್ಪಬೇಕು. ಪೀಣ್ಯದ ಶಾಪ್‌ಗೂ ಆ ದೊಡ್ಡ ಕಂಪನಿಗೂ ನಡುವೆ ಇನ್ನೂ ಇಬ್ಬರು ಇರ್ತಾರಲ್ಲ, ಅವರಿಗೆ ಈ ನಿಯಮ ತಗಲೋದಿಲ್ಲ.

ಆ ಲೇತ್ ಶಾಪ್ ಉಳ್ಕೊಂಡಿದೆ. ಬಳೆ ಬಿಡಿಸ್ಕೊಳ್ಳೋಕೆ 2022ರ ದೀಪಾವಳಿ ಆಯ್ತು. ಹೋದ ತಿಂಗಳು ಶೀಟ್ ಕೊಡೋಕೆ ಹೋದಾಗ ಅವರ ನಂಬರ್ 41 ದಿನಕ್ಕೆ ಬಂದಿತ್ತು, ಓದಿ ಖುಷಿಪಟ್ರು. ಕೆಳಗಡೆ ಒಂದು ಬಾಕಿ ಇತ್ತು, 3 ಲಕ್ಷ 70 ಸಾವಿರ, 130 ದಿನ ದಾಟಿದ್ದು, ಅದೇ ಹಳೇ ಕಂಪನಿ. ಸಮಾಧಾನ್‌ಗೆ ಹಾಕೋಣ್ವಾ ಸಾರ್, ಪೇಪರೆಲ್ಲಾ ರೆಡಿ ಇದೆ, ಬಡ್ಡಿನೂ ಸೇರಿ ಬರುತ್ತೆ ಅಂದೆ. ಅವರು ಒಳಗೆ ಓಡ್ತಿದ್ದ ಮಷೀನ್ ಕಡೆ ನೋಡಿದ್ರು. ಅದರಲ್ಲಿ ಕಚ್ಚಿದ್ದ ಜಾಬ್ ಆ ಕಂಪನಿದೇ. "ಬೇಡ ಬಿಡಿ, ಇನ್ನೊಂದು ಸಲ ಫೋನ್ ಮಾಡ್ತೀನಿ" ಅಂದ್ರು.